ಬಾಲಾನಗರದಿಂದ ಮಳಖೇಡಕ್ಕೆ: ಒಂದು ಪ್ರವಾಸದ ಮೀಮಾಂಸೆ

ವಿಷಯ

ಹೈದರಾಬಾದಿನ ಬಾಲಾನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದಕ್ಕೆ ನಾಲ್ಕೈದು ದಿನಗಳ ರಜೆ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಚೆಲುವೂ ಚರಿತ್ರೆಯೂ ಉಳ್ಳ ಒಂದು ನಾಡನ್ನು ಸುತ್ತಿ ಬರಬೇಕೆಂಬುದು ಮನೆಯವರ ಆಸೆ. ಯಾವ ನಾಡಿಗೆ ಹೋಗಬೇಕು, ಯಾವ ಕ್ರಮದಲ್ಲಿ ಹೋಗಬೇಕು, ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬುದು ಇಲ್ಲಿ ವಿಚಾರಕ್ಕೆ ಎತ್ತಿಕೊಂಡ ವಿಷಯ.

ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕುಟುಂಬ ಮೊದಲು ನೋಡಬೇಕಾದದ್ದು ಬೀದರ್, ಕಲ್ಯಾಣ, ಕಲಬುರಗಿ, ಮಳಖೇಡಗಳ ನಾಡು. ಈ ಊರುಗಳನ್ನು ರಾಜಧಾನಿಗಳು ಸರಿದುಬಂದ ದಾರಿಯಲ್ಲಿ ಹಿಂದುಹಿಂದಕ್ಕೆ ಹೋಗುತ್ತ ನೋಡಬೇಕು. ಒಂದೊಂದು ರಾಜಧಾನಿಗೂ ಒಂದೊಂದು ಹಗಲನ್ನಾದರೂ ಕೊಡಬೇಕು.

ರಾಜಧಾನಿಗಳು ಸರಿದ ಕಥೆ ಹೀಗಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಕಾಗಿಣಾ ನದಿಯ ದಂಡೆಯ ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ, ಆಳಿದ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರ ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿ ಮಾಡಿಕೊಂಡ. ನಡುವೆ ದೇವಗಿರಿ, ದಿಲ್ಲಿಗಳ ಆಳ್ವಿಕೆ ಬಂದುಹೋದ ಮೇಲೆ, 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. 1420ರ ದಶಕದಲ್ಲಿ ಅಹಮದ್ ಷಾ ವಲಿ ಅದನ್ನು ಬೀದರಿಗೆ ಒಯ್ದ. ಬೀದರಿನ ಸುಲ್ತಾನರ ಸೇವೆಯಲ್ಲಿ ಮೇಲೇರಿದ ಸುಲ್ತಾನ್ ಕುಲಿ 1518ರಲ್ಲಿ ಗೋಲ್ಕೊಂಡದಲ್ಲಿ ತನ್ನದೇ ವಂಶದ ಆಳ್ವಿಕೆ ಆರಂಭಿಸಿದ. ಅದೇ ವಂಶದ ಮಹಮ್ಮದ್ ಕುಲಿ 1591ರಲ್ಲಿ ಹೈದರಾಬಾದ್ ಕಟ್ಟಿದ. ಹೀಗೆ ಏಳು ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಬೆಳೆದ ಆರು ರಾಜಧಾನಿಗಳು, ಒಂದು ದಿನದ ಬಸ್ ಪ್ರಯಾಣದ ಅಗಲದ ನೆಲದೊಳಗೇ ಇವೆ.

ಈ ಸಾಲಿನ ಕೊನೆಯ ನಗರದ ವಾಯವ್ಯ ಅಂಚಿನಲ್ಲಿ ಬಾಲಾನಗರವಿದೆ. ಎಚ್‌ಎಎಲ್‌ನ ಕಾರ್ಖಾನೆ, ಒಂದು ಕಾಲಕ್ಕೆ ಸೋವಿಯತ್ ನೆರವಿನಿಂದ ಎದ್ದುನಿಂತ ಐಡಿಪಿಎಲ್ ಔಷಧ ಕಾರ್ಖಾನೆ, ಟೂಲ್ ಡಿಸೈನ್ ಸಂಸ್ಥೆ, ಲೇತ್ ಮಿಷನ್ನುಗಳ ಸಾಲುಸಾಲು ಶೆಡ್ಡುಗಳು, ಇವು ಬಾಲಾನಗರದ ಗುರುತು. ಬೀದರ್, ಕಲಬುರಗಿ ಕಡೆಯಿಂದ ದುಡಿಮೆಗೆ ಬಂದವರು ಇಲ್ಲಿಯೂ, ಪಕ್ಕದ ಜೀಡಿಮೆಟ್ಲ, ಕೂಕಟ್‌ಪಲ್ಲಿಗಳಲ್ಲಿಯೂ ಮನೆ ಮಾಡಿಕೊಂಡಿದ್ದಾರೆ. ಹತ್ತಿರದ ಕೂಕಟ್‌ಪಲ್ಲಿಯ ಮೇಲೆ ಹಾದುಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಹುಮನಾಬಾದಿಗೆ, ಅಲ್ಲಿಂದ ಬಸವಕಲ್ಯಾಣದ ತಿರುವಾದ ಸಸ್ತಾಪುರ ಬಂಗ್ಲಾಕ್ಕೆ ಹೋಗುತ್ತದೆ. ಚಾಲುಕ್ಯರ ರಾಜಧಾನಿಗೆ ಹೋಗುವ ದಾರಿ ಬಾಲಾನಗರದವರ ಮನೆಯ ಮಗ್ಗುಲಲ್ಲೇ ಇದೆ.

ಸಂಶಯ

ಇಷ್ಟು ಹತ್ತಿರವಿರುವುದನ್ನು ಪ್ರವಾಸವೆನ್ನಬಹುದೇ ಎಂಬುದು ಸಂಶಯ. ಪ್ರವಾಸವೆಂದರೆ ದೂರ ಹೋಗಬೇಕು, ಮಂಜು ಕಾಣಬೇಕು, ಕಡಲು ಕಾಣಬೇಕು, ಬೇರೆಯ ಭಾಷೆ ಕಿವಿಗೆ ಬೀಳಬೇಕು ಎಂಬುದು ಸಾಮಾನ್ಯರ ಎಣಿಕೆ. ಈ ನಾಡಿನ ವಿಷಯದಲ್ಲಿ ಜನ ಒಡ್ಡುವ ಆಕ್ಷೇಪಗಳನ್ನು, ಅಂದರೆ ಪೂರ್ವಪಕ್ಷಗಳನ್ನು, ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ಕೆಲವಕ್ಕೆ ಉತ್ತರ ಸುಲಭ, ಕೆಲವಕ್ಕೆ ಕಷ್ಟ.

ಮೊದಲ ಪೂರ್ವಪಕ್ಷ: ‘ನಮ್ಮ ಊರೇ ಅದ, ಅಲ್ಲಿ ನೋಡೋದೇನದ?’

ಇದು ಬೀದರ್ ಜಿಲ್ಲೆಯಿಂದ ಬಂದವರು ಆಡುವ ಮಾತು. ‘ವರ್ಷಕ್ಕೆರಡು ಸಲ ಊರಿಗೆ ಹೋಗೇ ಹೋಗ್ತೀವಿ ಕಾಕಾ, ಜಾತ್ರಿಗೆ ಹೋಗ್ತೀವಿ, ಲಗ್ನಕ್ಕೆ ಹೋಗ್ತೀವಿ. ರಜಾ ಹಾಕಿ ರೊಕ್ಕ ಖರ್ಚು ಮಾಡಿ ಮತ್ತ ಅಲ್ಲಿಗೇ ಹೋಗಬೇಕೇನು?’

ಈ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಊರಿಗೆ ಹೋಗುವ ಕೆಲಸ ಬೇರೆ, ನಾಡು ನೋಡುವ ಕೆಲಸ ಬೇರೆ. ಊರಿಗೆ ಹೋದವರು ಬಸ್ಸಿಳಿದು ಮನೆ ಸೇರುತ್ತಾರೆ, ಹೊಲದ ತಕರಾರು ಕೇಳುತ್ತಾರೆ, ಸತ್ತವರ ಮನೆಗೆ ಹೋಗಿ ಮಾತಾಡಿಸಿ ಬರುತ್ತಾರೆ, ಮರುದಿನ ಡ್ಯೂಟಿಗೆಂದು ರಾತ್ರಿಯೇ ಹೊರಡುತ್ತಾರೆ. ಭಾಲ್ಕಿಯಲ್ಲಿ ಹುಟ್ಟಿ ಬೀದರ್ ಕೋಟೆಯ ರಂಗೀನ್ ಮಹಲನ್ನು ಕಾಣದವರು, ಸೇಡಂನಲ್ಲಿ ಬೆಳೆದು ಮಳಖೇಡದ ಕೋಟೆಯೊಳಗೆ ಕಾಲಿಡದವರು ನನಗೆ ಎಷ್ಟೋ ಮಂದಿ ಗೊತ್ತು. ಅವರನ್ನು ದೂರುವುದು ತಪ್ಪು. ಅವರಿಗೆ ಯಾರೂ ಹೀಗೆ ಹೋಗಿ ಹೀಗೆ ನೋಡಿ ಎಂದು ಹೇಳಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿಯಿದೆ. ಬಾಲಾನಗರದಲ್ಲಿ ಹುಟ್ಟಿದ ಮಕ್ಕಳಿಗೆ ಅದು ‘ನಮ್ಮ ಊರು’ ಅಲ್ಲ. ಅವರು ತೆಲುಗಿನಲ್ಲಿ ಆಡುತ್ತಾರೆ, ಇಂಗ್ಲಿಷಿನಲ್ಲಿ ಓದುತ್ತಾರೆ, ಮನೆಯಲ್ಲಿ ಮಾತ್ರ ಕನ್ನಡ. ಇದೇ ನಗರದ ಕಾಚಿಗುಡದಲ್ಲಿ ಕನ್ನಡದ ಶಾಲೆ ಕಟ್ಟಿದ ಹಿರಿಯರು ಅದಕ್ಕೆ ನೃಪತುಂಗನ ಹೆಸರಿಟ್ಟರು. ನಿಜಾಮರ ರಾಜಧಾನಿಯ ನಡುವೆ ನಿಂತು ಅವರು ನೆನೆದದ್ದು ಮಳಖೇಡದ ಅರಸನನ್ನು. ಆ ಹೆಸರು ಯಾರದು, ಆತನ ಊರು ಎಲ್ಲಿದೆ ಎಂದು ಮಗು ಕೇಳಿದರೆ ರೈಲಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಬಹುದಾದಷ್ಟು ಹತ್ತಿರವಿದೆ ಅದು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದವು. ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡಗಳು ಆಗ ಬೀದರ್ ಜಿಲ್ಲೆಯಲ್ಲಿದ್ದವು. ದಾರಿಯಲ್ಲಿ ಬರುವ ಗಡಿ ಅಜ್ಜಂದಿರ ಕಾಲದಲ್ಲಿ ಇರಲಿಲ್ಲ.

ಎರಡನೆಯ ಪೂರ್ವಪಕ್ಷ: ಅಲ್ಲಿ ಚರಿತ್ರೆ ಇದ್ದೀತು, ಚೆಲುವಿಲ್ಲ

ಬಿಸಿಲು, ಎರೆಮಣ್ಣು, ಧೂಳು, ಸಿಮೆಂಟ್ ಕಾರ್ಖಾನೆ. ಹಸಿರು ಬೇಕೆಂದವರು ಕೊಡಗಿಗೆ ಹೋಗುತ್ತಾರೆ, ಕಲಬುರಗಿಗೆ ಯಾರು ಹೋಗುತ್ತಾರೆ?

ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರಿಗೆ ನಾನೂ ಬೇಡವೆನ್ನುತ್ತೇನೆ. ಪಾರಾ 40 ಡಿಗ್ರಿ ದಾಟುವ ದಿನಗಳಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಕಟ್ಟಿಕೊಂಡು ಕೋಟೆ ಹತ್ತುವುದು ಹಿಂಸೆ. ಮಳೆ ನಿಂತ ಮೇಲಿನ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹೊರಡಬೇಕು. ತೆಲಂಗಾಣದ ಶಾಲೆಗಳಿಗೆ ದಸರಾ ರಜೆಯೂ ಸಂಕ್ರಾಂತಿ ರಜೆಯೂ ಬರುವುದು ಸರಿಸುಮಾರು ಇದೇ ಅವಧಿಯಲ್ಲಿ. ದಸರಾ ಮುಗಿಯುವ ಹೊತ್ತಿಗೆ ತೊಗರಿ ಹೂ ಬಿಡತೊಡಗುತ್ತದೆ, ಹೊಲಕ್ಕೆ ಹೊಲವೇ ಹಳದಿಯಾಗುತ್ತದೆ. ಸಂಕ್ರಾಂತಿಗೆ ಬಿಳಿಜೋಳ ತೆನೆ ಹಿಡಿದಿರುತ್ತದೆ, ಸೀತನಿ ಸುಡುವ ಹೊಗೆ ಹೊಲದ ಬದುಗಳಿಂದ ಏಳುತ್ತದೆ. ಎಳ್ಳಮಾವಾಸ್ಯೆಯ ದಿನ ಊರೆಲ್ಲ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಭಜ್ಜಿಪಲ್ಯ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ಆ ಹಬ್ಬದಲ್ಲಿ ಗುರುತಿಲ್ಲದವರನ್ನೂ ಕರೆದು ಕೂರಿಸಿ ಉಣಬಡಿಸುತ್ತಾರೆ. ಊರಲ್ಲಿ ನೆಂಟರಿದ್ದವರು ಆ ದಿನ ಹಿಡಿದು ಯೋಜನೆ ಹಾಕಿದರೆ, ಮೊದಲ ಆಕ್ಷೇಪಕ್ಕೂ ಇದರಲ್ಲೇ ಪರಿಹಾರ ಸಿಗುತ್ತದೆ.

ಆದರೆ ಋತುವಿನ ಮಾತಿನಿಂದ ಆಕ್ಷೇಪ ಪೂರ್ತಿ ತೀರುವುದಿಲ್ಲ. ಈ ನಾಡಿನ ಚೆಲುವು ಎಲ್ಲಿದೆ ಎಂದು ನೇರವಾಗಿ ತೋರಿಸಬೇಕು. ನಾನು ತೋರಿಸುವುದು ಕಲ್ಲನ್ನು. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ. ಅದರ ಅಂಚಿಗೆ ನಿಂತರೆ ಕೆಳಗಿನ ಬಯಲು ಹರಡಿಕೊಂಡು ಕಾಣುತ್ತದೆ. ಈ ಕಲ್ಲನ್ನು ಕೊರೆಯುವುದು ಸುಲಭ. ಅದಕ್ಕೇ ಕೋಟೆಯ ಸುತ್ತ, ನಡುವೆ ಕಲ್ಲಿನ ಗೋಡೆಗಳನ್ನು ಉಳಿಸಿಕೊಂಡು, ಮೂರು ಪದರಿನ ಕಂದಕ ತೋಡಿದರು. ಅದೇ ಕಲ್ಲಿನೊಳಗೆ ಪರ್ಷಿಯಾದ ರೀತಿಯಲ್ಲಿ ಸುರಂಗ ಕೊರೆದು ನೆಲದಡಿಯ ನೀರನ್ನು ಹರಿಸಿ ತಂದರು. ನೌಬಾದಿನ ಸುರಂಗಬಾವಿ, ಅಂದರೆ ಕರೇಜ್, ಇವತ್ತಿಗೂ ಇದೆ. ಅಲ್ಲಿಂದ ಹುಮನಾಬಾದ್ ಕಡೆ ಇಳಿದರೆ ನೆಲ ಕಪ್ಪಾಗುತ್ತದೆ. ಜಲಸಂಗ್ವಿಯ ಚಾಲುಕ್ಯ ಗುಡಿಯ ಮದನಿಕೆಯರಿಗೆ ಆ ಕಪ್ಪು ಕಲ್ಲಿನ ನುಣುಪಿದೆ. ಕಲಬುರಗಿ ದಾಟಿ ಪೂರ್ವಕ್ಕೆ ಹೋದರೆ ಕಾಗಿಣಾ ಬಯಲಿನ ಸುಣ್ಣದ ಕಲ್ಲು, ಪದರಪದರವಾಗಿ ಏಳುವ ಶಹಾಬಾದ್ ಪರಸಿ. ಮಳಖೇಡದ ಕೋಟೆ ಈ ನೆಲದ ಕಲ್ಲಿನದೇ. ಹೈದರಾಬಾದಿನ ಹಳೆಯ ಮನೆಗಳ ನೆಲಕ್ಕೆ, ಕಾರ್ಖಾನೆಯ ಶೆಡ್ಡುಗಳಿಗೆ ಹಾಸಿದ ಶಹಾಬಾದ್, ತಾಂಡೂರ್ ಕಲ್ಲುಗಳು ಬಂದದ್ದೂ ಈ ಕಡೆಯಿಂದಲೇ. ನಾಲ್ಕು ದಿನಗಳಲ್ಲಿ ಕೆಂಪು, ಕಪ್ಪು, ಬೂದು ಎಂದು ಮೂರು ಬಣ್ಣದ ನೆಲ ಕಾಲಡಿ ಬದಲಾಗುತ್ತದೆ, ನೆಲದೊಂದಿಗೆ ಕಟ್ಟಡವೂ ಬದಲಾಗುತ್ತದೆ. ಈ ಚೆಲುವಿಗೆ ಕಣ್ಣು ಸ್ವಲ್ಪ ಪಳಗಬೇಕು. ಪಳಗಿದ ಮೇಲೆ ಅದು ಬಿಡುವುದಿಲ್ಲ.

ಮೂರನೆಯ ಪೂರ್ವಪಕ್ಷ: ಕ್ರಮ ತಲೆಕೆಳಗಾಗಿದೆ

ಇದು ಓದಿಕೊಂಡವರ ಆಕ್ಷೇಪ, ಆದ್ದರಿಂದ ತುಸು ನಿಧಾನವಾಗಿ ಉತ್ತರಿಸಬೇಕು. ‘ಚರಿತ್ರೆ ಹಿಂದಿನಿಂದ ಮುಂದಕ್ಕೆ ನಡೆಯುತ್ತದೆ. ಮಕ್ಕಳಿಗೆ ಮೊದಲು ರಾಷ್ಟ್ರಕೂಟರು, ಆಮೇಲೆ ಚಾಲುಕ್ಯರು, ಆಮೇಲೆ ಬಹಮನಿಗಳು ಎಂದು ಪಾಠವಿದೆ. ಮಳಖೇಡದಿಂದ ಹೊರಟು ಗೋಲ್ಕೊಂಡಕ್ಕೆ ಬಂದು ಮುಗಿಸುವುದೇ ಸರಿಯಲ್ಲವೇ?’

ಪೂರ್ವಮೀಮಾಂಸೆಯಲ್ಲಿ ಕ್ರಮದ ವಿಚಾರಕ್ಕೆ ಒಂದು ಹೆಸರಾಂತ ಉದಾಹರಣೆಯಿದೆ. ಅಗ್ನಿಹೋತ್ರ ಮಾಡಬೇಕು ಎಂಬ ಮಾತು ಮೊದಲು ಬರುತ್ತದೆ, ಗಂಜಿ ಬೇಯಿಸಬೇಕು ಎಂಬ ಮಾತು ಆಮೇಲೆ. ಆದರೆ ಹೋಮಕ್ಕೆ ಬೇಕಾದದ್ದೇ ಆ ಗಂಜಿ. ಹಾಗಾಗಿ ಮೊದಲು ಬೇಯಿಸಿ ಆಮೇಲೆ ಹೋಮ ಮಾಡಬೇಕು. ಪಾಠದಲ್ಲಿ ಬಂದ ಕ್ರಮಕ್ಕಿಂತ ಪ್ರಯೋಜನ ಹೇಳುವ ಕ್ರಮಕ್ಕೆ ಬಲ ಹೆಚ್ಚು ಎಂದು ಮೀಮಾಂಸಕರು ತೀರ್ಮಾನಿಸಿದರು. ಪ್ರವಾಸಕ್ಕೂ ಇದೇ ನ್ಯಾಯ. ಪುಸ್ತಕದ ಕ್ರಮ ಪಾಠಕ್ರಮ. ನೋಡುವವನಿಗೆ ಬೇಕಾದದ್ದು ಅರ್ಥಕ್ರಮ.

ಪ್ರಯೋಜನವೇನು? ಕಂಡದ್ದು ಅರ್ಥವಾಗುವುದು. ಗೋಲ್ಕೊಂಡದಲ್ಲಿ ಗೋಡೆ, ಬಾಗಿಲು, ಮಹಲುಗಳ ಆಕಾರ ಉಳಿದಿವೆ, ಕುತುಬ್‌ಷಾಹಿ ಗೋರಿಗಳಂತೂ ಇಡಿಯಾಗಿ ನಿಂತಿವೆ. ಬೀದರಿನಲ್ಲಿ ಅಷ್ಟೇ ಅಲ್ಲದಿದ್ದರೂ ಬಹಳ ಉಳಿದಿದೆ. ಕಲ್ಯಾಣದಲ್ಲಿ ಕೋಟೆ ಉಳಿದಿದೆ, ಚಾಲುಕ್ಯರ ಅರಮನೆ ಉಳಿದಿಲ್ಲ. ಮಳಖೇಡದಲ್ಲಿ ಉಳಿದದ್ದು ಎಲ್ಲಕ್ಕಿಂತ ಕಡಿಮೆ. ಮಾಳವದ ಪರಮಾರ ಸೀಯಕ 972ರಲ್ಲಿ ಆ ನಗರವನ್ನು ಲೂಟಿ ಮಾಡಿದ. ಮರುವರ್ಷವೇ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆ ಕೊನೆಗಾಣಿಸಿದ. ಈಗ ಅಲ್ಲಿ ಕಾಣುವುದು ನಂತರದ ಕಾಲಗಳೂ ಕೈಯಾಡಿಸಿದ ಒಂದು ಕೋಟೆ, ನೇಮಿನಾಥ ಬಸದಿ, ದ್ವೈತ ಟೀಕಾಕಾರ ಜಯತೀರ್ಥರ ಹೆಸರಿನಲ್ಲಿ ಭಕ್ತರು ನಡೆದುಕೊಳ್ಳುವ ಬೃಂದಾವನ, ಮತ್ತು ನದಿ. ಮಳಖೇಡದಿಂದ ಆರಂಭಿಸಿದ ಮಗು ಮೊದಲ ದಿನವೇ ‘ಇಷ್ಟೇನಾ?’ ಎನ್ನುತ್ತದೆ. ಇಡಿಯಾದದ್ದರಿಂದ ಹೊರಟರೆ ಕಣ್ಣು ಮೊದಲು ಪೂರ್ಣವಾದ ರಾಜಧಾನಿಯನ್ನು ಕಲಿಯುತ್ತದೆ. ನೀರು ಎಲ್ಲಿಂದ ಬಂತು, ದರ್ಬಾರು ಎಲ್ಲಿ ನಡೆಯಿತು, ಸತ್ತ ಅರಸರನ್ನು ಎಲ್ಲಿ ಮಲಗಿಸಿದರು ಎಂದು ಕೇಳುವುದನ್ನು ಕಲಿಯುತ್ತದೆ. ಆ ಪ್ರಶ್ನೆಗಳನ್ನು ಹೊತ್ತು ಮಳಖೇಡಕ್ಕೆ ಬಂದವನಿಗೆ ಕೋಟೆಗೋಡೆಯ ತುಂಡೂ ಮಾತಾಡುತ್ತದೆ.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಗುಮ್ಮಟ. ಹೈದರಾಬಾದಿನ ಕುತುಬ್‌ಷಾಹಿ ಗೋರಿಗಳ ಗುಮ್ಮಟ ಬುಡದಲ್ಲಿ ಕಮಲದ ಎಸಳುಗಳಿಂದ ಎದ್ದು ಉಬ್ಬಿ ನಿಲ್ಲುತ್ತದೆ. ಬೀದರಿನ ಹೊರಗೆ ಅಷ್ಟೂರಿನಲ್ಲಿರುವ ಬಹಮನಿ ಗೋರಿಗಳಲ್ಲಿ ಆ ಎಸಳಿಲ್ಲ, ಉಬ್ಬು ಕಡಿಮೆ. ಕಲಬುರಗಿಯ ಹಫ್ತ್ ಗುಂಬಜ್‌ಗೆ ಬಂದರೆ ಗುಮ್ಮಟ ಇನ್ನೂ ತಗ್ಗಿದೆ. ಅದೇ ಊರಿನಲ್ಲಿ ಬೇರೆಡೆ ಇರುವ ಮೊದಲ ಸುಲ್ತಾನನ ಗೋರಿಯ ಗೋಡೆಗಳು ಮೇಲಕ್ಕೆ ಹೋಗುತ್ತ ಒಳಗೆ ವಾಲುತ್ತವೆ, ಅದು ದಿಲ್ಲಿಯ ತುಘಲಕರ ರೀತಿ. ಹಿಂದಕ್ಕೆ ಹೋದಂತೆ ಗುಮ್ಮಟ ಇಳಿಯುತ್ತ ಬರುವುದನ್ನು ಎಂಟು ವರ್ಷದ ಮಗುವೂ ಗುರುತಿಸಬಲ್ಲದು. ಕಲಬುರಗಿ, ಬೀದರ್, ವಿಜಯಪುರ, ಹೈದರಾಬಾದುಗಳ ಸ್ಮಾರಕಗಳನ್ನು ಒಂದೇ ಗುಂಪಾಗಿ ‘ದಖ್ಖನಿ ಸುಲ್ತಾನರ ಸ್ಮಾರಕಗಳು’ ಎಂದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2014ರಲ್ಲಿ ಸೇರಿಸಿದ್ದಕ್ಕೆ ಕಾರಣವೂ ಈ ನಂಟೇ.

ಇಲ್ಲಿ ಜಾಣ ಆಕ್ಷೇಪಕ ಇನ್ನೊಂದು ಪ್ರಶ್ನೆ ಎಸೆಯಬಹುದು. ‘ಹಿಂದಕ್ಕೆ ಹೋಗುವುದೇ ನಿಯಮವಾದರೆ ಬೀದರ್ ಆದ ಮೇಲೆ ಕಲಬುರಗಿ, ಅದಾದ ಮೇಲೆ ಕಲ್ಯಾಣ ಬರಬೇಕು. ನೀವು ಕಲ್ಯಾಣವನ್ನು ನಡುವೆ ತಂದಿರಿ.’ ನಿಜ, ತಂದಿದ್ದೇನೆ. ಬೀದರಿನಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಕಲಬುರಗಿಗೆ ತಲಾ ಸುಮಾರು 80 ಕಿಲೋಮೀಟರ್. ನಿಯಮ ಉಳಿಸಲೆಂದು ಕಲಬುರಗಿಗೆ ಹೋಗಿ ಮತ್ತೆ ಕಲ್ಯಾಣಕ್ಕೆ ಬಂದು ಮತ್ತೆ ಕಲಬುರಗಿಯ ಮೇಲೆಯೇ ಮಳಖೇಡಕ್ಕೆ ಹೋಗುವುದು ಕಾಲಹರಣ. ಅರ್ಥಕ್ರಮ ದೊಡ್ಡದಾದರೂ, ವಯಸ್ಸಾದ ತಾಯಿಯ ಸೊಂಟನೋವು ಅದಕ್ಕಿಂತ ದೊಡ್ಡದು. ಈ ಒಂದು ಕಡೆ ದಾರಿಯೇ ಗೆಲ್ಲಲಿ.

ನಾಲ್ಕನೆಯ ಪೂರ್ವಪಕ್ಷ: ಹೋದ ಮೇಲೆ ಎಲ್ಲವನ್ನೂ ನೋಡಬೇಕು

‘ಅಷ್ಟು ದೂರ ಹೋಗಿ ಬಿಟ್ಟು ಬರೋದಾ?’ ಎಂಬುದು ಮನೆಮನೆಯ ಮಾತು. ಟೂರ್ ವ್ಯಾನಿನವರು ಒಂದೇ ದಿನದಲ್ಲಿ ಹನ್ನೆರಡು ಜಾಗ ಎಂದು ಚೀಟಿ ಹಂಚುವುದೂ ಈ ಆಸೆಯನ್ನು ನಂಬಿಯೇ.

ಇದಕ್ಕೂ ಮೀಮಾಂಸಕರಲ್ಲಿ ಉತ್ತರವಿದೆ. ಯಾಗದಲ್ಲಿ ಅಂಗಿ, ಅಂದರೆ ಮುಖ್ಯ ಕರ್ಮ, ಒಂದು; ಅಂಗಗಳು, ಅಂದರೆ ಅದಕ್ಕೆ ನೆರವಾಗುವ ಕರ್ಮಗಳು, ಹಲವು. ಅಂಗ ಅಂಗಿಗಾಗಿ ಇರುತ್ತದೆ. ಅಂಗದ ಭಾರಕ್ಕೆ ಅಂಗಿಯೇ ಕೆಡುವಂತಾದರೆ ಅಂಗವನ್ನು ಬಿಡಬಹುದು. ಹೀಗೆ ಪ್ರತಿ ಊರಿನಲ್ಲಿ ಒಂದನ್ನು ಅಂಗಿಯೆಂದು ಗೊತ್ತುಮಾಡಿಕೊಂಡು ಅದಕ್ಕೆ ಅರ್ಧ ದಿನ ಕೊಡಬೇಕು.

ಬೀದರಿನಲ್ಲಿ ಅಂಗಿ ಕೋಟೆ. ಷರ್ಜಾ ದರ್ವಾಜಾದ ಸಿಂಹಗಳನ್ನು ತಲೆಯೆತ್ತಿ ನೋಡಿ ಒಳಗೆ ಹೋದರೆ, 1423ರ ಸುಮಾರಿನ ಸೋಲಾ ಖಂಬಾ ಮಸೀದಿ, ತಖ್ತ್ ಮಹಲ್, ಗಗನ್ ಮಹಲ್. ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕುಸುರಿ ಇದೆ. ಬೀಗ ಹಾಕಿದ್ದರೆ ಕೋಟೆಯೊಳಗಿನ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಕೇಳಬೇಕು, ಕೇಳದೆ ಬರಬಾರದು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸವನ್ನು ಇದಾದ ಮೇಲೆ ಪೇಟೆಯಲ್ಲಿ ನೋಡಿದರೆ ಎರಡರ ಕೈ ಒಂದೇ ಎಂದು ತಿಳಿಯುತ್ತದೆ. ಸತು, ತಾಮ್ರದ ಎರಕವನ್ನು ಕಪ್ಪಾಗಿಸಲು ಕುಶಲಕರ್ಮಿಗಳು ಬಳಸುವುದು ಕೋಟೆಯ ಹಳೆಯ ಮಣ್ಣನ್ನು. ಮಹಮೂದ್ ಗವಾನನ ಮದರಸಾ, ಅಷ್ಟೂರು, ಕರೇಜ್ ಇವು ಅಂಗಗಳು. ಸಮಯವಿದ್ದರೆ ಅಷ್ಟೂರನ್ನು ಮೊದಲು ಹಿಡಿಯಿರಿ. ಅಹಮದ್ ಷಾ ವಲಿಯ ಗೋರಿಯ ಒಳಗೋಡೆಯ ಬಣ್ಣದ ಚಿತ್ತಾರ ಕತ್ತಲಲ್ಲಿದೆ, ಟಾರ್ಚ್ ಬೇಕು. ಅವನ ಉರುಸಿಗೆ ಮಾಡಿಯಾಳದಿಂದ ಲಿಂಗಾಯತ ಜಂಗಮರು ನಡೆದು ಬರುತ್ತಾರೆ, ಅವನನ್ನು ಅಲ್ಲಮಪ್ರಭು ಎಂದೇ ಭಾವಿಸಿ ನಡೆದುಕೊಳ್ಳುವವರಿದ್ದಾರೆ. ಇದನ್ನು ಮಕ್ಕಳಿಗೆ ಅಲ್ಲಿ ನಿಂತೇ ಹೇಳಬೇಕು.

ಕಲ್ಯಾಣದಲ್ಲಿ ಅಂಗಿ ಯಾವುದು ಎಂಬುದು ಹೇಳಲು ಕಷ್ಟ. ಆರನೆಯ ವಿಕ್ರಮಾದಿತ್ಯ ಐವತ್ತು ವರ್ಷ, 1076ರಿಂದ 1126ರವರೆಗೆ, ಆಳಿದ ನಗರವದು. ಕಾಶ್ಮೀರದ ಕವಿ ಬಿಲ್ಹಣ ಹುಡುಕಿಕೊಂಡು ಬಂದದ್ದು ಇಲ್ಲಿಗೆ, ವಿಜ್ಞಾನೇಶ್ವರ ಮಿತಾಕ್ಷರಾ ಬರೆದದ್ದು ಇಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ, ಅಲ್ಲಮ, ಅಕ್ಕ, ಸಾವಿರಾರು ಕಾಯಕಜೀವಿಗಳು ಸೇರಿದ್ದೂ ಇಲ್ಲಿಯೇ. ಆದರೆ ಕಣ್ಣಿಗೆ ಕಾಣುವ ಕೋಟೆ ಬಹುಪಾಲು ನಂತರದವರದು, 108 ಅಡಿಯ ಬಸವಣ್ಣನ ಪ್ರತಿಮೆ ಈ ಕಾಲದ್ದು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಅಂಗಿ ನಡಿಗೆ. ಕೋಟೆಯಿಂದ ಪರುಷಕಟ್ಟೆಗೆ, ಅಲ್ಲಿಂದ ತ್ರಿಪುರಾಂತ ಕೆರೆಯ ದಂಡೆಗೆ ಊರೊಳಗೆ ನಡೆದು ಹೋಗಿ. ಮಾದಾರ, ಅಂಬಿಗ, ಮಡಿವಾಳ, ನುಲಿಯ ಎಂದು ಕಾಯಕವನ್ನೇ ಹೆಸರಿನ ಮುಂದಿಟ್ಟುಕೊಂಡವರ ಊರನ್ನು, ಕೈಗೆಲಸದಿಂದಲೇ ಬದುಕುವ ಬಾಲಾನಗರದವರು ನೋಡುವ ನೋಟಕ್ಕೆ ಬೇರೆಯದೇ ಅರ್ಥವಿದೆ. ಬರುವ ದಾರಿಯಲ್ಲಿ ಜಲಸಂಗ್ವಿಗೆ ಒಂದು ಗಂಟೆ ಕೊಡಿ. ಅಲ್ಲಿಯ ಶಿಲಾಬಾಲಿಕೆಯೊಬ್ಬಳು ತಾನೇ ಅರಸನ ಹೊಗಳಿಕೆ ಬರೆಯುತ್ತ ನಿಂತಿದ್ದಾಳೆ.

ಕಲಬುರಗಿಯಲ್ಲಿ ಅಂಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿ. ನಮ್ಮ ದೇಶದ ದೊಡ್ಡ ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡಕ್ಕೆ ಛಾವಣಿಯಿದೆ. ಅಗಲವಾದ ತಗ್ಗು ಕಮಾನುಗಳ ಸಾಲಿನಲ್ಲಿ ಮಧ್ಯಾಹ್ನದ ಬಿಸಿಲೂ ತಂಪಾಗುತ್ತದೆ. ಸಂಜೆ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾಕ್ಕೆ, ಅಥವಾ ಶರಣಬಸವೇಶ್ವರ ಗುಡಿಗೆ, ಮನಸ್ಸಿದ್ದರೆ ಎರಡಕ್ಕೂ ಹೋಗಬಹುದು.

ಸನ್ನತಿಯನ್ನು ಬಿಡಲು ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಭೀಮಾ ದಂಡೆಯ ಆ ಊರಿನ ಹತ್ತಿರ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಉಬ್ಬುಚಿತ್ರವೇ ಸಿಕ್ಕಿದೆ, ಪಕ್ಕದಲ್ಲಿ ಅವನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದಿದೆ. ಹೆಸರು ಸಹಿತ ಅಶೋಕನ ಮುಖ ಕಾಣುವುದು ಅಪರೂಪ. ಆದರೆ ಕಲಬುರಗಿಯಿಂದ ಅಲ್ಲಿಗೆ ಹೋಗಿಬರಲು ಒಂದು ಹಗಲು ಬೇಕು. ಐದನೆಯ ದಿನವಿದ್ದವರು ಸೇರಿಸಿಕೊಳ್ಳಿ. ಇಲ್ಲದವರು ಮನಸ್ಸು ಗಟ್ಟಿ ಮಾಡಿಕೊಂಡು ಬಿಡಿ.

ಐದನೆಯ ಪೂರ್ವಪಕ್ಷ: ಮನೆಯಲ್ಲೇ ಕುಳಿತು ನೋಡಬಹುದು

ಬಾಲಾನಗರದಲ್ಲಿಯೇ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. ಇಸ್ರೋದ ಈ ಕೇಂದ್ರ ಉಪಗ್ರಹದ ಚಿತ್ರಗಳನ್ನು ಸಂಸ್ಕರಿಸಿ, 2009ರಲ್ಲಿ ಆರಂಭವಾದ ‘ಭುವನ್’ ಜಾಲತಾಣದ ಮೂಲಕ ಎಲ್ಲರಿಗೂ ತೆರೆದಿಟ್ಟಿದೆ. ಬೀದರ್ ಕೋಟೆಯ ಕಂದಕವನ್ನು ಮೊಬೈಲಿನಲ್ಲೇ ಕಾಣಬಹುದಾದರೆ ಹೋಗುವುದೇಕೆ?

ಚಿತ್ರ ಹೊರಡುವ ಮುನ್ನ ಬೇಕು. ಹೊರಡುವ ಹಿಂದಿನ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಕೋಟೆಯ ಸುತ್ತಳತೆ, ಕೆರೆ, ನದಿಯ ತಿರುವು ತೋರಿಸಿ. ಮಳಖೇಡದಲ್ಲಿ ಕಾಗಿಣಾ ಹೇಗೆ ಕೋಟೆಗೆ ಒತ್ತಿಕೊಂಡು ಹರಿಯುತ್ತದೆ ಎಂಬುದು ಮೇಲಿನಿಂದಲೇ ಚೆನ್ನಾಗಿ ತಿಳಿಯುತ್ತದೆ. ಜಂಬಿಟ್ಟಿಗೆಯ ಒರಟು ಮಾತ್ರ ಕೈಗೇ ತಿಳಿಯಬೇಕು.

ಆರನೆಯ ಪೂರ್ವಪಕ್ಷ: ಅದು ನೋವಿನ ನೆಲ

ಇದಕ್ಕೆ ನಾನು ಹಗುರವಾಗಿ ಉತ್ತರಿಸಲಾರೆ. ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ, ನಿಜಾಮನ ಪರ ನಿಂತ ಸಶಸ್ತ್ರ ದಳವಾದ ರಜಾಕಾರರು ಹಳ್ಳಿಯ ಜನರನ್ನು ಕೊಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಮುಸ್ಲಿಮರ ಹತ್ಯೆಗಳು ನಡೆದವು. ಸುಂದರಲಾಲ್ ಸಮಿತಿ ಊರೂರು ತಿರುಗಿ ಅದನ್ನು ದಾಖಲಿಸಿತು, ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಬಾಲಾನಗರದ ಎಷ್ಟೋ ಮನೆಗಳ ಅಜ್ಜಿಯರಿಗೆ ಈ ಎರಡರಲ್ಲೊಂದು ನೆನಪು ಇತ್ತು. ಇಂಥ ನೆಲಕ್ಕೆ ಕ್ಯಾಮೆರಾ ಹಿಡಿದು ವಿಹಾರಕ್ಕೆ ಹೋಗುವುದು ಸರಿಯೇ ಎಂದು ಕೇಳುವವರಿದ್ದಾರೆ. ಇನ್ನು ಕೆಲವರು ಗುಡಿಗಳನ್ನಷ್ಟೇ ನೋಡಿ, ಗೋರಿಗಳನ್ನು ಬಿಡಿ ಎನ್ನುತ್ತಾರೆ. ಬೇರೆ ಕೆಲವರು ಗುಡಿಗಳನ್ನು ಬಿಟ್ಟು ಸುಲ್ತಾನರ ಕಟ್ಟಡಗಳನ್ನಷ್ಟೇ ನೋಡಿಬರುತ್ತಾರೆ.

ಅರ್ಧ ನೋಡುವುದನ್ನು ನಾನು ಒಪ್ಪುವುದಿಲ್ಲ. ಈ ನಾಡಿನಲ್ಲಿ ಅರ್ಧ ನೋಡಿದರೆ ಆ ಅರ್ಧವೂ ಅರ್ಥವಾಗುವುದಿಲ್ಲ. ಜಂಗಮರು ಸುಲ್ತಾನನ ಗೋರಿಗೆ ಬರುವುದಕ್ಕೂ, ಬಂದೇನವಾಜರ ಉರುಸಿಗೆ ಎಲ್ಲ ಜಾತಿಯವರೂ ಹೋಗುವುದಕ್ಕೂ 1948ಕ್ಕಿಂತ ಹಳೆಯ ಕಥೆಯಿದೆ. 1948 ಅದನ್ನು ಗಾಯಗೊಳಿಸಿತು, ಕೊಲ್ಲಲಿಲ್ಲ. ಗೋರಟಾಕ್ಕೆ ಹೋಗುವವರು ಅದನ್ನು ನೋಡುವ ಜಾಗಗಳ ಪಟ್ಟಿಗೆ ಸೇರಿಸಬಾರದು. ಹೋಗುವುದಾದರೆ ಹಿರಿಯರೊಬ್ಬರನ್ನು ಮಾತಾಡಿಸಿ, ಅವರು ಹೇಳಿದಷ್ಟು ಕೇಳಿ, ಚಿತ್ರ ತೆಗೆಯದೆ ಬರಬೇಕು. ಮಕ್ಕಳಿಗೆ ಹೇಳುವಾಗ ಎರಡೂ ಕಡೆಯ ಸಾವುಗಳನ್ನು ಹೇಳಬೇಕು. ಒಂದನ್ನಷ್ಟೇ ಹೇಳುವುದಾದರೆ ಎರಡನ್ನೂ ಹೇಳದಿರುವುದೇ ವಾಸಿ. ಇದರಿಂದ ರಜೆಯ ಸಂತೋಷ ಕಡಿಮೆಯಾದರೆ, ಆಗಲಿ.

ನಿರ್ಣಯ

ಗೋಲ್ಕೊಂಡ ಮತ್ತು ಕುತುಬ್‌ಷಾಹಿ ಗೋರಿಗಳನ್ನು ಮೊದಲಿನ ಒಂದು ಭಾನುವಾರವೇ, ರಜೆ ಹಾಕದೆ, ನೋಡಿ ಮುಗಿಸಿ. ರಜೆಯ ಮೊದಲ ದಿನ ಬೆಳಿಗ್ಗೆ ಬೇಗ ಹೊರಟರೆ ಜಹೀರಾಬಾದಿನ ಮೇಲೆ ಸುಮಾರು 140 ಕಿಲೋಮೀಟರ್ ದೂರದ ಬೀದರನ್ನು ಹತ್ತು ಗಂಟೆಯೊಳಗೆ ಮುಟ್ಟಬಹುದು. ವಿಕಾರಾಬಾದಿನ ಮೇಲೆ ರೈಲೂ ಇದೆ. ಎರಡನೆಯ ದಿನ ಜಲಸಂಗ್ವಿ, ಕಲ್ಯಾಣ. ಮೂರನೆಯ ದಿನ ಕಲಬುರಗಿ. ಕಲ್ಯಾಣವನ್ನು ಬಿಡಲೇಬೇಕಾದವರಿಗೆ 2017ರಲ್ಲಿ ತೆರೆದ ಬೀದರ್–ಕಲಬುರಗಿ ರೈಲುಮಾರ್ಗವಿದೆ. ಮಸೀದಿಯಿರುವುದರಿಂದ ಕಲಬುರಗಿಯ ದಿನ ಶುಕ್ರವಾರ ಬೀಳದಂತೆ ಲೆಕ್ಕ ಹಾಕಿ. ಉಳಿಯುವುದನ್ನು ಬೀದರ್, ಕಲಬುರಗಿಗಳಲ್ಲಿ ಇಟ್ಟುಕೊಳ್ಳಿ, ಕಲ್ಯಾಣದಲ್ಲಿ ಒಂದು ರಾತ್ರಿ ಕಳೆಯಬಲ್ಲವರು ಅಲ್ಲಿ ಕಳೆಯಿರಿ. ಊಟಕ್ಕೆ ಖಾನಾವಳಿ ಸಾಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ ಸಿಗುವ ಕಡೆ ಬೇರೆ ಏನನ್ನೂ ಹುಡುಕಬೇಕಾಗಿಲ್ಲ.

ನಾಲ್ಕನೆಯ ದಿನ ಮಳಖೇಡ, ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ಸ್ವಂತ ಗಾಡಿಯಿದ್ದವರು ಚಿತ್ತಾಪುರದ ಹತ್ತಿರದ ನಾಗಾವಿಯನ್ನೂ ಸೇರಿಸಿಕೊಳ್ಳಬಹುದು. ಹನ್ನೊಂದನೆಯ ಶತಮಾನದ ಆ ಘಟಿಕಾಸ್ಥಾನದಲ್ಲಿ ಪುಸ್ತಕ ಕಾಯಲೆಂದೇ ಸರಸ್ವತೀ ಭಂಡಾರಿಗರಿದ್ದರೆಂದು ಶಾಸನ ಹೇಳುತ್ತದೆ. ಮಳಖೇಡದ ಕೋಟೆಯ ಮೇಲೆ ಕುಳಿತು ಮಕ್ಕಳಿಗೆ ಮೂರು ಹೆಸರು ಹೇಳಿ: ಈ ಆಸ್ಥಾನದಲ್ಲಿ, ಕನ್ನಡದಲ್ಲಿ ಉಳಿದುಬಂದ ಮೊದಲ ಲಕ್ಷಣಗ್ರಂಥ ಕವಿರಾಜಮಾರ್ಗ ರಚಿಸಿದ ಶ್ರೀವಿಜಯ, ಅಮೋಘವರ್ಷನನ್ನು ಹೊಗಳಿ ಗಣಿತಸಾರಸಂಗ್ರಹ ಆರಂಭಿಸಿದ ಮಹಾವೀರಾಚಾರ್ಯ, ಅದೇ ಅರಸನ ಕಾಲದ ಆಚಾರ್ಯ ಜಿನಸೇನ. ಹಿಂದಿರುಗಲು ಸೇಡಂ, ತಾಂಡೂರ್ ದಾರಿ. ರೈಲು ಬೇಕೆಂದವರಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ, ತೆರೆದ ವಾಡಿ–ಸಿಕಂದರಾಬಾದ್ ಮಾರ್ಗ. ಅದರ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣವೇ ಇದೆ, ಆದರೆ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ಸೇಡಂನಲ್ಲಿ ಹತ್ತಿ ಬೇಗಂಪೇಟೆಯಲ್ಲೋ ಲಿಂಗಂಪಲ್ಲಿಯಲ್ಲೋ ಇಳಿದರೆ ಬಾಲಾನಗರಕ್ಕೆ ಆಟೋ ಸಿಗುತ್ತದೆ.

ಎರಡೇ ದಿನ ರಜೆ ಸಿಕ್ಕವರು ನಾಲ್ಕೂ ಊರುಗಳನ್ನು ಮುಟ್ಟಿ ಬರುವ ಆಸೆ ಬಿಡಬೇಕು. ಅವರು ಬೀದರ್ ಒಂದನ್ನೇ ನೋಡಲಿ, ಒಂದು ರಾತ್ರಿ ಅಲ್ಲೇ ಉಳಿಯಲಿ, ಕಲ್ಯಾಣವನ್ನು ಮುಂದಿನ ಸಂಕ್ರಾಂತಿಗೆ ಇಟ್ಟುಕೊಳ್ಳಲಿ.